ಹಿಂದೆ ಸರಿದು ಗೆದ್ದ ಜೇಬೆಜ್ ಟಾಲಿ

ಜೇಬೆಜ್ ಟಾಲಿ ಮೊದಲ ಸಲ ಜನರ ಮುಂದೆ ಗುದ್ದಾಡಿದಾಗ ಅವನಿಗೆ ಇಪ್ಪತ್ತೊಂದು ವರ್ಷ. ಇಂಗ್ಲೆಂಡಿನ ಕ್ರಾಡ್ಲಿ ಎಂಬ ಊರಿನ ಕಾಲುವೆ ದಡದಲ್ಲಿ ದೋಣಿಯವನೊಬ್ಬ ಜೇಬೆಜ್‌ನ ಹೆಂಡತಿ ಕೆಜಾಯಾಳ ಮೊಳೆಚೀಲವನ್ನು ಬೇಕೆಂದೇ ಒದ್ದು ಕೆಸರಿಗೆ ಕೆಡವಿದ್ದ. ಕುಲುಮೆಯಲ್ಲಿ ಒಂದು ವಾರ ಮೊಳೆ ಬಡಿದ ದುಡಿಮೆ ಅದು. ಜೇಬೆಜ್ ಕೋಟು ಕಳಚಿ ಹೆಂಡತಿಯ ಕೈಗೆ ಕೊಟ್ಟ.

ದೋಣಿಯವನು ಅವನಿಗಿಂತ ಒಂದೂವರೆಪಟ್ಟು ದಪ್ಪ. ಆದರೆ ಅವನು ಬೀಸಿದ ಪ್ರತಿ ಗುದ್ದೂ ಗಾಳಿಗೆ ಬಿತ್ತು. ಜೇಬೆಜ್ ಒಂದೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಎಡಗೈಯನ್ನು ಅವನ ಮೂಗಿಗೆ ತಾಗಿಸುತ್ತಿದ್ದ, ಮತ್ತೆ ಸರಿಯುತ್ತಿದ್ದ.

"ಗಂಡಸಾದ್ರೆ ನಿಂತ್ಕೊಂಡು ಹೊಡೆಯೋ" ಎಂದ ದೋಣಿಯವನು, ಏದುಸಿರು ಬಿಡುತ್ತ.

"ನೀನು ನಿಂತ್ಕೋ, ನಾನು ಹೊಡೀತೀನಿ."

ಕಾಲು ಗಂಟೆ ಕಳೆಯುವುದರೊಳಗೆ ದೋಣಿಯವನು ತಾನಾಗಿಯೇ ಹುಲ್ಲಿನ ಮೇಲೆ ಕುಳಿತುಬಿಟ್ಟ. ಕೆಜಾಯಾ ಅವನ ಮುಂದೆ ಖಾಲಿ ಚೀಲ ಹಿಡಿದು ನಿಂತಳು. "ಏಳೋದೇನೂ ಬೇಡ. ಕೂತಲ್ಲೇ ಆರಿಸು." ಅವನು ಮೊಳೆಗಳನ್ನು ಒಂದೊಂದಾಗಿ ಆರಿಸಿಕೊಟ್ಟ.

ಇದನ್ನು ನೋಡಿದವರಲ್ಲಿ ಈನಕ್ ಫೆಲೋಸ್ ಒಬ್ಬ. ಚಪ್ಪಟೆ ಮೂಗಿನ ಹಳೆಯ ಕಾದಾಳು. ಈಗ ಕಾಲುವೆ ಪಕ್ಕದಲ್ಲೇ ಬಿಯರ್ ಅಂಗಡಿ ನಡೆಸುತ್ತಿದ್ದ.

"ಆ ಹಿಂದೆ ಸರಿಯೋದನ್ನ ಯಾರಯ್ಯ ಹೇಳಿಕೊಟ್ರು ನಿಂಗೆ?" ಎಂದು ಕೇಳಿದ.

ಜೇಬೆಜ್ ಯೋಚಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಕುಲುಮೆ ಇದ್ದದ್ದು ನಾಲ್ಕು ಹೆಜ್ಜೆ ಅಗಲದ ಕೊಟ್ಟಿಗೆಯಲ್ಲಿ. ಅದರೊಳಗೆ ಅವನು, ಕೆಜಾಯಾ, ಅವಳ ತಾಯಿ ಮೂವರೂ ಕೆಂಪಗೆ ಕಾದ ಸಲಾಕೆ ಹಿಡಿದು ಓಡಾಡಬೇಕು. "ಸುಟ್ಕೋಬಾರ್ದು ಅಂತ ಸರೀತೀವಲ್ಲ, ಅಷ್ಟೇ" ಎಂದ.

"ಅಷ್ಟು ಸಾಕು" ಎಂದ ಈನಕ್. ಅಂದಿನಿಂದ ಅವನೇ ಜೇಬೆಜ್‌ನನ್ನು ಕಾಳಗಗಳಿಗೆ ಇಳಿಸತೊಡಗಿದ.

ಆ ಕಾಲದಲ್ಲಿ ಗುದ್ದಾಟವೆಂದರೆ ಬರಿಗೈ ಕಾಳಗ. ಹುಲ್ಲುಗಾವಲಲ್ಲಿ ಗೂಟ ನೆಟ್ಟು ಹಗ್ಗ ಸುತ್ತಿ, ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಒಬ್ಬ ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯಿತು. ಬಿದ್ದವನು ಅರ್ಧ ನಿಮಿಷದಲ್ಲಿ ಎದ್ದು ಬಂದು ಗೆರೆಯ ಬಳಿ ನಿಲ್ಲಬೇಕು, ನಿಲ್ಲದಿದ್ದರೆ ಸೋತ. ಎದುರುಬದುರು ಕಲ್ಲಿನಂತೆ ನಿಂತು ಗುದ್ದು ತಿನ್ನುವವನೇ ಗಂಡಸು ಎಂದು ಜನ ನಂಬಿದ್ದರು. ಜೇಬೆಜ್ ಮಾತ್ರ ತನ್ನ ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗೈಯನ್ನು ಅರ್ಧ ಚಾಚಿ, ಬಲಗೈಯನ್ನು ಎದೆಗೊತ್ತಿ ನಿಲ್ಲುತ್ತಿದ್ದ. ಹಣೆಗೆ ಎಂದೂ ಹೊಡೆಯಲಿಲ್ಲ. ಹಣೆಗೆ ಹೊಡೆದು ಹೊಡೆದು ಈನಕ್‌ನ ಬೆರಳುಗಳು ಶುಂಠಿ ಬೇರಿನಂತಾಗಿದ್ದನ್ನು ಅವನು ನೋಡಿದ್ದ. ಅವನ ಗುರಿ ಎರಡೇ: ಕಣ್ಣಿನ ಕೆಳಗಿನ ಮೂಳೆ, ಪಕ್ಕೆಯ ಕೆಳಗಿನ ಮೆತ್ತನೆಯ ಜಾಗ.

ಜನ ಅವನಿಗೆ 'ಏಡಿ' ಎಂದು ಹೆಸರಿಟ್ಟರು. "ಮೊಳೆ ಮಾಡೋನ ಕಾಲಿಗೆ ಯಾರಾದ್ರೂ ಎರಡು ಮೊಳೆ ಹೊಡೀರಪ್ಪ, ಒಂದ್ಕಡೆ ನಿಲ್ಲಲಿ" ಎಂದು ಹಗ್ಗದಾಚೆಯಿಂದ ಹಂಗಿಸುತ್ತಿದ್ದರು. ಒಂಬತ್ತು ವರ್ಷದಲ್ಲಿ ಹದಿನಾಲ್ಕು ಕಾಳಗ ಆಡಿದ, ಒಂದನ್ನೂ ಸೋಲಲಿಲ್ಲ. ಹಂಗಿಸಿದವರೇ ಅವನನ್ನು ನೋಡಲು ಎರಡೆರಡು ದಿನ ನಡೆದು ಬರುತ್ತಿದ್ದರು.

ಹದಿನೈದನೆಯ ಕಾಳಗ ಬ್ರಿಸ್ಟಲ್‌ನ ಆಂಬ್ರೋಸ್ ಥ್ಯಾಕ್‌ವೆಲ್ ಜೊತೆ. ಗಾಡಿಯಿಂದ ಬಿಯರ್ ಪೀಪಾಯಿಗಳನ್ನು ಒಬ್ಬನೇ ಇಳಿಸುವ ಆಳು. ಜೂನ್ ತಿಂಗಳ ಬೆಳಗ್ಗೆ, ಸೆವರ್ನ್ ಹೊಳೆಯ ದಂಡೆಯ ಗದ್ದೆಯೊಂದರಲ್ಲಿ ಇಬ್ಬರೂ ಗೆರೆಗೆ ಬಂದರು. ಎಂಟನೇ ಸುತ್ತಿನಲ್ಲಿ ಆಂಬ್ರೋಸ್‌ನ ಒಂದು ಗುದ್ದು ತಾಗಿ ಜೇಬೆಜ್‌ನ ಪಕ್ಕೆಲುಬು ಮುರಿಯಿತು. ಉಸಿರೆಳೆದಾಗಲೆಲ್ಲ ಒಳಗೆ ಸೂಜಿ ಆಡಿದಂತಾಗುತ್ತಿತ್ತು. ಆದರೂ ಅವನು ಸರಿಯುತ್ತಲೇ ಇದ್ದ, ಎಡಗೈ ಆಂಬ್ರೋಸ್‌ನ ಕಣ್ಣುಗಳ ಕೆಳಗೆ ಬೀಳುತ್ತಲೇ ಇತ್ತು. ಇಪ್ಪತ್ತನೆಯ ಸುತ್ತಿನ ಹೊತ್ತಿಗೆ ಆಂಬ್ರೋಸ್‌ನ ರೆಪ್ಪೆಗಳು ಹಲಸಿನ ತೊಳೆಯಂತೆ ಊದಿಕೊಂಡವು. ಅವನ ಕಡೆಯವರು ಚಾಕುವಿನಿಂದ ರೆಪ್ಪೆ ಸೀಳಿ ರಕ್ತ ಇಳಿಸಿ ಮತ್ತೆ ಕಳುಹಿಸಿದರು. ಮೂವತ್ತಾರನೆಯ ಸುತ್ತಿಗೆ ಎರಡೂ ಕಣ್ಣು ಪೂರ್ತಿ ಮುಚ್ಚಿಹೋದವು.

ಅವನನ್ನು ಹೆಗಲು ಹಿಡಿದು ತಂದು ಗೆರೆಯ ಮೇಲೆ ನಿಲ್ಲಿಸಿದರು. ಆಂಬ್ರೋಸ್ ಕೈ ಚಾಚಿ ಗಾಳಿಯನ್ನು ತಡವಿದ.

"ಎಲ್ಲಿದ್ದೀಯೋ ಏಡಿ?"

"ಇಲ್ಲೇ ಇದೀನಿ" ಎಂದ ಜೇಬೆಜ್.

ದನಿ ಬಂದ ಕಡೆಗೆ ಬಿದ್ದ ಗುದ್ದು ಜೇಬೆಜ್‌ನ ಭುಜಕ್ಕೆ ತಾಗಿತು. ಜನ ನಕ್ಕರು. "ಬಾಯಿ ಮುಚ್ಕೊಂಡು ಹೊಡಿಯೋ ಪೆದ್ದ" ಎಂದು ಈನಕ್ ಗದರಿದ. ಜೇಬೆಜ್ ಹೊಡೆಯಲಿಲ್ಲ. ಸುಮ್ಮನೆ ಅವನ ಸುತ್ತ ಸರಿದಾಡಿದ. ಕಣ್ಣಿಲ್ಲದವನ ಮೇಲೆ ಅವನ ಕೈ ಏಳುತ್ತಿರಲಿಲ್ಲ.

ಅದು ಆಂಬ್ರೋಸ್‌ಗೆ ತಿಳಿಯಿತು. "ಕನಿಕರ ತೋರಿಸಿ ನನ್ನ ಮಾನ ಕಳೀಬೇಡ" ಎಂದ ಮೆಲ್ಲಗೆ. "ಹೊಡಿ."

"ಎಲ್ಲಿಗೆ ಹೊಡೀಲಿ, ನೀನೇ ಹೇಳು."

"ಪಕ್ಕೆಗೆ. ಕಣ್ಣಿಗೆ ಆಗಿರೋದು ಸಾಕು."

ಅಷ್ಟು ವರ್ಷದಲ್ಲಿ ಮೊದಲ ಸಲ ಜೇಬೆಜ್ ಒಂದು ಹೆಜ್ಜೆ ಮುಂದಿಟ್ಟ. ಬಲಗೈಯಿಂದ ಒಂದೇ ಒಂದು ಸಲ ಪಕ್ಕೆಯ ಕೆಳಗೆ ಹೊಡೆದ. ಆಂಬ್ರೋಸ್ ಮೊಣಕಾಲೂರಿ ಕುಳಿತ. ಅರ್ಧ ನಿಮಿಷ ಕಳೆದರೂ ಏಳಲಿಲ್ಲ. ಜನ ಜೇಬೆಜ್‌ನನ್ನು ಹೆಗಲ ಮೇಲೆ ಎತ್ತಿಕೊಂಡಾಗ ಮುರಿದ ಪಕ್ಕೆಲುಬು ಹಿಂಡುತ್ತಿತ್ತು. ಅವನು ಮಾತ್ರ ತಿರುತಿರುಗಿ ಹುಲ್ಲಿನ ಮೇಲೆ ಕುಳಿತವನನ್ನೇ ನೋಡುತ್ತಿದ್ದ.

ಅಕ್ಟೋಬರಿನ ಒಂದು ಮಧ್ಯಾಹ್ನ ಕೆಜಾಯಾ ಒಲೆಯ ಮೇಲೆ ಬಟಾಣಿ, ಹಂದಿಮಾಂಸ ಬೇಯಿಸುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಚೌಕಟ್ಟು ತುಂಬುವಂಥ ಆಳು ನಿಂತಿದ್ದ.

"ಯಾರು ನೀವು?"

"ನಿಮ್ಮ ಗಂಡನ ಕೈಲಿ ಏಟು ತಿಂದೋನು."

"ಅಂಥೋರು ಬೇಕಾದಷ್ಟು ಜನ ಇದಾರೆ. ಯಾವೂರು?"

"ಬ್ರಿಸ್ಟಲ್."

ಅವಳು ಅವನ ಮುಖ ನೋಡಿದಳು. ಎಡಗಣ್ಣು ಹಾಲಿನಂತೆ ಬೆಳ್ಳಗಾಗಿತ್ತು. ಬಾಗಿಲು ಅಗಲವಾಗಿ ತೆರೆದು ಇನ್ನೊಂದು ತಟ್ಟೆ ಇಟ್ಟಳು.

ಊಟ ಮುಗಿಯುವವರೆಗೂ ಆಂಬ್ರೋಸ್ ಬಂದ ಕಾರಣ ಹೇಳಲಿಲ್ಲ. ಆಮೇಲೆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸುತ್ತ ಜೇಬೆಜ್‌ಗೆ ಹೇಳಿದ: "ನೀನು ಹಿಂದೆ ಸರಿಯೋಕೆ ಮುಂಚೆ ನಿನ್ನ ಎಡಗಾಲ ಹಿಮ್ಮಡಿ ಒಂಚೂರು ಏಳತ್ತೆ. ಗೊತ್ತಾ?"

ಜೇಬೆಜ್‌ಗೆ ಗೊತ್ತಿರಲಿಲ್ಲ. "ನಿಂಗ್ಯಾವಾಗ ಗೊತ್ತಾಯ್ತು?"

"ಇಪ್ಪತ್ತೆರಡನೇ ಸುತ್ತಲ್ಲಿ. ರೆಪ್ಪೆ ಸೀಳಿದ ಮೇಲೆ ಒಂದ್ಗಳಿಗೆ ಕಾಣ್ತು. ಆಮೇಲೆ ನಿನ್ನ ಹಿಮ್ಮಡಿ ಹಾಗಿರಲಿ, ನೀನೇ ಸರಿಯಾಗಿ ಕಾಣ್ತಿರಲಿಲ್ಲ."

"ಇದನ್ನ ಹೇಳೋಕೆ ನಾಲ್ಕು ದಿನ ನಡ್ಕೊಂಡು ಬಂದ್ಯಾ?"

"ನಾಟಿಂಗ್‌ಹ್ಯಾಮ್‌ನ ಹೊಸ ಹುರಿಯಾಳೊಬ್ಬ ನಿನ್ನ ಜೊತೆ ಆಡ್ಬೇಕು ಅಂತಿದಾನಂತೆ. ಅವನ ಕಡೆಯೋರು ನನ್ನ ಹತ್ರ ಬಂದಿದ್ರು, ಏಡಿಯ ಗುಟ್ಟೇನು ಅಂತ. ನಾನು ಹೇಳ್ಲಿಲ್ಲ."

"ಯಾಕೆ?"

"ಒಂದು ಕಣ್ಣು ಕೊಟ್ಟು ತಿಳ್ಕೊಂಡಿದ್ದು. ಅವರಿಗೆ ಪುಕ್ಕಟೆ ಯಾಕೆ ಕೊಡ್ಲಿ?"

ಕೆಜಾಯಾ ಮೊದಲು ನಕ್ಕಳು. ಆಮೇಲೆ ಜೇಬೆಜ್‌ಗೂ ನಗು ಬಂತು.

ಆಂಬ್ರೋಸ್‌ಗೆ ಬಿಯರ್ ಗಾಡಿಯ ಕೆಲಸ ಹೋಗಿತ್ತು; ಒಂದೇ ಕಣ್ಣಿನವನಿಗೆ ಕುದುರೆ ಒಪ್ಪಿಸಲು ಯಜಮಾನ ಸಿದ್ಧನಿರಲಿಲ್ಲ. ಅವನು ಕ್ರಾಡ್ಲಿಯಲ್ಲೇ ಉಳಿದ. ಚಳಿಗಾಲವಿಡೀ ಕುಲುಮೆಯ ನೆಲದ ಮೇಲೆ ಮಸಿ ಹರಡಿ ಜೇಬೆಜ್‌ನನ್ನು ಆಡಿಸಿದ. ಕೆಜಾಯಾ ಸುತ್ತಿಗೆ ಹಿಡಿದೇ ಹೆಜ್ಜೆ ಗುರುತುಗಳನ್ನು ನೋಡುತ್ತಿದ್ದಳು. "ಇನ್ನೂ ಏಳ್ತಿದೆ" ಎನ್ನುತ್ತಿದ್ದಳು. ಕುಲುಮೆಯಲ್ಲಿ ಚಿಕ್ಕಂದಿನಿಂದ ಕಾಲಿಗೆ ಅಂಟಿದ ಅಭ್ಯಾಸ ಬಿಡಲಿಲ್ಲ.

ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮ್‌ನವನ ಎದುರು ಅವನು ಸೋತ. ಆ ಯುವಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕನೇ ಸುತ್ತಿನಲ್ಲಿ ತಾನೇ ಕಂಡುಕೊಂಡ. ಇಪ್ಪತ್ತೇಳನೆಯ ಸುತ್ತಿಗೆ ಜೇಬೆಜ್ ಏಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕೆಜಾಯಾ ಕೇಳಿದಳು: "ಮುಗೀತಾ?"

"ಮುಗೀತು" ಎಂದ. ಎದೆಯ ಮೇಲಿಂದ ಏನೋ ಇಳಿದಂತಿತ್ತು ಅವನಿಗೆ.

ಮುಂದೆ ಮೂವತ್ತು ವರ್ಷ ಜೇಬೆಜ್, ಆಂಬ್ರೋಸ್ ಇಬ್ಬರೂ ಈನಕ್‌ನ ಅಂಗಡಿಯ ಮಾಳಿಗೆಯಲ್ಲಿ, ಕೈಗೆ ಮೆತ್ತೆ ಕಟ್ಟಿಸಿ, ಹೊಸಬರಿಗೆ ಗುದ್ದಾಟ ಕಲಿಸಿದರು. ಹಿಮ್ಮಡಿ ಎತ್ತಿ ಎದುರಾಳಿಯನ್ನು ನಂಬಿಸಿ, ಸರಿಯದೆ ಅಲ್ಲೇ ನಿಂತು ಹೊಡೆಯುವ ಪಟ್ಟು ಅಲ್ಲಿಂದಲೇ ಹೊರಟಿತು. ಅದರಿಂದ ಹೆಸರು ಮಾಡಿದವರು ಹಲವರು. ಪಾಠ ಮುಗಿದ ಮೇಲೆ ಇಬ್ಬರೂ ಕಾಲುವೆ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದರು. ಜೇಬೆಜ್ ಯಾವಾಗಲೂ ಆಂಬ್ರೋಸ್‌ನ ಎಡಕ್ಕೇ ಇರುತ್ತಿದ್ದ. ದೋಣಿ ಎಳೆಯುವ ಕುದುರೆ ಎದುರು ಬಂದರೆ ಮಾತು ನಿಲ್ಲಿಸದೆಯೇ ಅವನ ತೋಳು ಹಿಡಿದು ಬದಿಗೆ ಎಳೆದುಕೊಳ್ಳುತ್ತಿದ್ದ.