ಎಸಿ ಆರಿಸಿ ಕೇಳಿದ ಜಾಝ್

ಬಹರೈನಿನ ಮಾಹೂಝ್‌ನ ಆ ಫ್ಲ್ಯಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ರೆಕಾರ್ಡಿನ ಮೇಲೆ ಸೂಜಿ ಇಡುವ ಮೊದಲು ಎಸಿ ಆರಿಸುತ್ತಿದ್ದರು. ಜುಲೈ ಇರಲಿ, ಆಗಸ್ಟ್ ಇರಲಿ, ನಿಯಮ ಒಂದೇ. ಕಿಟಕಿಯ ಹಳೆಯ ಎಸಿ ಗುರುಗುಟ್ಟುತ್ತಿದ್ದರೆ ಡ್ರಮ್ಮಿನವನ ಸಿಂಬಲ್ ಎಂಬ ಹಿತ್ತಾಳೆ ತಟ್ಟೆಯ ಸಣ್ಣ ಸದ್ದು ಕೇಳಿಸುವುದಿಲ್ಲ ಎಂಬುದು ಮನೆಯ ಯಜಮಾನರ ವಾದ. ರೆಕಾರ್ಡಿನ ಒಂದು ಮಗ್ಗುಲು ಮುಗಿಯುವ ಇಪ್ಪತ್ತು ನಿಮಿಷದಲ್ಲಿ ನಮ್ಮ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

"ನಮ್ಮಲ್ಲಿ ಬೆವರೇ ಟಿಕೆಟು," ಎನ್ನುತ್ತಿದ್ದರು ಅವರು.

ಅವರು ಮಂಗಳೂರು ಕಡೆಯ ಕ್ಯಾಥೊಲಿಕರು. ತುಳು ಮಾತಾಡುವ ನಾವು ಊರಿನ ಸಲಿಗೆಯಲ್ಲಿ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದೆವು. ಮನಾಮದ ಒಂದು ದೊಡ್ಡ ಹೋಟೆಲಿನ ಔತಣಕೂಟದ ಹಾಲ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಮೊದಲು ಟ್ರೇ ಹಿಡಿದು, ಆಮೇಲೆ ಟ್ರೇ ಹಿಡಿಯುವವರ ಮೇಲ್ವಿಚಾರಕರಾಗಿ. ಹೆಂಡತಿ ನರ್ಸ್. ಅವರಿಬ್ಬರ ಜೊತೆ ಸೇರುತ್ತಿದ್ದವರು ಇಬ್ಬರು: ಗುದೈಬಿಯಾದಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟಿದ್ದ ಉಡುಪಿಯ ಗೆಳೆಯ ಮತ್ತು ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದ ನಾನು.

"ಎಸಿಯಿಂದ ಅನ್ನ ತಿನ್ನುವವ ನಾನು. ವಾರಕ್ಕೊಮ್ಮೆ ಇಲ್ಲಿ ಬಂದು ಸೆಕೆಯಲ್ಲಿ ಸಾಯ್ಬೇಕು. ಎಂತ ಹಣೆಬರಹ ಪೊರ್ಬುಲೆ ಇದು?" ಎಂದು ಗೆಳೆಯ ಗೊಣಗುತ್ತಿದ್ದ.

"ಸಾವ್ಕಾರ್ರೆ, ಇದು ನೀವೇ ರಿಪೇರಿ ಮಾಡಿದ ಎಸಿ ಅಲ್ವಾ? ಶಬ್ದ ಬಾರದ ಹಾಗೆ ಮಾಡಿದ್ರೆ ಆರಿಸುವ ಕೆಲಸವೇ ಇರ್ಲಿಲ್ಲ."

ನಾವು ಕೇಳುತ್ತಿದ್ದದ್ದು ಹಾರ್ಡ್ ಬಾಪ್. ಅಮೆರಿಕದ ಕಪ್ಪು ಜನರ ಚರ್ಚಿನ ಹಾಡು, ದುಡಿಮೆಯ ದುಃಖ ಎರಡನ್ನೂ ಸೇರಿಸಿಕೊಂಡು ಜೋರಾಗಿ ನುಡಿಯುವ ಜಾಝ್. ಅದರಲ್ಲೂ ಒಂದೇ ತಂಡ: ಐದು ಜನ, ಡ್ರಮ್ಮಿನವನೇ ನಾಯಕ. ಸ್ಟುಡಿಯೋದಲ್ಲಿ ನುಡಿಸಿದ್ದನ್ನು ಪೊರ್ಬುಗಳು ಕೇಳುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಜನರ ಎದುರು ನುಡಿಸಿದ್ದೇ ಬೇಕು. ಗ್ಲಾಸಿನ ಸದ್ದು, ಕೆಮ್ಮು, ನಗು, ಯಾರೋ "ಹೌದು ಹೌದು" ಎನ್ನುವುದು, ಎಲ್ಲವೂ ಬೇಕು. ಎಷ್ಟು ಕೇಳಿದ್ದೆವೆಂದರೆ ರೆಕಾರ್ಡಿನ ಆ ಜನ ನಮಗೆ ನೆರೆಮನೆಯವರಂತೆ ಆಗಿಬಿಟ್ಟಿದ್ದರು. ಅವರು ಚಪ್ಪಾಳೆ ತಟ್ಟಿದಲ್ಲಿ ನಾವೂ ತಟ್ಟುತ್ತಿದ್ದೆವು. ಟ್ರಂಪೆಟ್ ಮುಗಿದಾಗಿನ ಚಪ್ಪಾಳೆ ನನ್ನದು. ಪಿಯಾನೊ ನಡುವಿನ ನಗು ಗೆಳೆಯನದು.

ಪೊರ್ಬುಗಳದು ಎಲ್ಲಕ್ಕಿಂತ ದೊಡ್ಡ ಜಾಗ. ಕೊನೆಯ ಹಾಡಿನಲ್ಲಿ ಡ್ರಮ್ಮಿನವನು ಒಬ್ಬನೇ ಬಹಳ ಹೊತ್ತು ಬಾರಿಸಿ ಫಕ್ಕನೆ ನಿಲ್ಲಿಸುತ್ತಾನೆ. ಏನೂ ಇಲ್ಲ. ಆ ಮೌನದೊಳಗೆ ಕ್ಲಬ್ಬಿನ ಯಾವನೋ ಒಬ್ಬ "ಹೋಯ್!" ಎಂದು ಕೂಗುತ್ತಾನೆ. ಪೊರ್ಬುಗಳು ಅವನೊಂದಿಗೆ ಕೂಗುತ್ತಿದ್ದರು, ಒಂದು ಕೂದಲಿನಷ್ಟೂ ಹಿಂದೆಮುಂದೆ ಇಲ್ಲದೆ. ಹೆಂಡತಿ ಅಡುಗೆಮನೆಯಿಂದ, "ಆಯ್ತಾ ನಿಮ್ಮದು? ಇನ್ನು ಎಸಿ ಹಾಕಿ, ಮೀನು ಬಡಿಸ್ತೇನೆ," ಎನ್ನುತ್ತಿದ್ದರು.

ಹೋಟೆಲಿನ ಹಾಲ್‌ನಲ್ಲಿ ಅವರು ಎಷ್ಟೋ ವಾದ್ಯತಂಡಗಳನ್ನು ಗೋಡೆಗೆ ಒರಗಿ ಕೇಳಿದ್ದರು. ಆದರೆ ಡ್ಯೂಟಿಯಲ್ಲಿದ್ದವರು ಚಪ್ಪಾಳೆ ತಟ್ಟುವಂತಿರಲಿಲ್ಲ. ಅದು ಅಲ್ಲಿನ ನಿಯಮ. ಮೂವತ್ತು ವರ್ಷ ಅವರು ತಟ್ಟಲಿಲ್ಲ.

ನಿವೃತ್ತಿಯ ಬಳಿಕ ಮಂಗಳೂರಿಗೆ ಹೊರಡುವ ಟಿಕೆಟ್ ಆಗಿತ್ತು. ಆಗಲೇ ಸುದ್ದಿ ಬಂತು: ಆ ತಂಡದಲ್ಲಿ ಉಳಿದಿದ್ದ ಕೊನೆಯ ಮನುಷ್ಯ, ಎಂಬತ್ತು ದಾಟಿದ ಸ್ಯಾಕ್ಸೊಫೋನ್ ವಾದಕ, ನಾಲ್ವರು ಹುಡುಗರನ್ನು ಕಟ್ಟಿಕೊಂಡು ಬಹರೈನ್‌ಗೆ ಬರುತ್ತಾರೆ, ಹಳೆಯ ಹಾಡುಗಳನ್ನೇ ನುಡಿಸುತ್ತಾರೆ. ಪೊರ್ಬುಗಳು ಪ್ರಯಾಣವನ್ನು ಎರಡು ತಿಂಗಳು ಮುಂದಕ್ಕೆ ಹಾಕಿದರು. ವೀಸಾದ ಅವಧಿ ಅಷ್ಟಕ್ಕೇ ಸರಿಯಾಗಿ ಇತ್ತು.

"ಹಾಡು ಕೇಳ್ಲಿಕ್ಕೆ ಮಾತ್ರ ಅಲ್ಲ ಮಾರಾಯ," ಎಂದರು ನನ್ನೊಡನೆ. "ಇಷ್ಟು ದೂರದಲ್ಲಿ ನಮ್ಮಂಥವರು ಇದ್ದೇವೆ, ಒಂದೊಂದು ಪೆಟ್ಟೂ ನಮಗೆ ಗೊತ್ತುಂಟು ಅಂತ ಅವರಿಗೆ ಗೊತ್ತಾಗ್ಬೇಕು. ಅಷ್ಟಾದ್ರೆ ನಾನು ಹೊರಟೆ."

ಕಾರ್ಯಕ್ರಮ ಸಂಜೆ ಏಳೂವರೆಗೆ. ಪೊರ್ಬುಗಳು ಕೋಟು ಹಾಕಿದ್ದರು, ಪಕ್ಕದಲ್ಲಿ ಹೆಂಡತಿ, ಆಚೆ ಗೆಳೆಯ. ವಿಮರ್ಶೆ ಬರೆಯಲು ಪತ್ರಿಕೆ ನನ್ನನ್ನೇ ಕಳಿಸಿದ್ದರಿಂದ ನನಗೆ ಅವರ ಮುಂದಿನ ಸಾಲಿನಲ್ಲಿ ಕುರ್ಚಿ. ಹಾಲ್ ತುಂಬಿತ್ತು. ಸ್ಯಾಕ್ಸೊಫೋನಿನ ಮುದುಕರು ಸ್ಟೂಲಿನ ಮೇಲೆ ಕೂತೇ ನುಡಿಸಿದರು. ಉಸಿರು ಸಾಲುತ್ತಿರಲಿಲ್ಲ, ಆದರೆ ಬೇಕಾದ ಸ್ವರ ಬೇಕಾದಲ್ಲಿ ಬೀಳುತ್ತಿತ್ತು. ಟ್ರಂಪೆಟ್ ಮುಗಿದಾಗ ನನ್ನ ಕೈಯಲ್ಲಿ ಪೆನ್ನು ಇತ್ತು. ನಾನು ತಟ್ಟಲಿಲ್ಲ.

ಕೊನೆಗೆ ಅದೇ ಹಾಡು ಬಂತು. ಡ್ರಮ್ಮಿನ ಹುಡುಗ ಬಾರಿಸಿ, ಬಾರಿಸಿ, ಫಕ್ಕನೆ ನಿಲ್ಲಿಸಿದ. ಮುದುಕರು ಸ್ಯಾಕ್ಸೊಫೋನನ್ನು ತುಟಿಗೆ ತಂದರು.

"ಹೋಯ್!"

ಹಿಂದಿನಿಂದ, ಸರಿಯಾಗಿ ಆ ಕ್ಷಣಕ್ಕೆ. ಮುದುಕರು ವಾದ್ಯ ಕೆಳಗಿಳಿಸಿ ಮೈಕಿನ ಕಡೆ ಬಾಗಿದರು. "ಈ ಮಹನೀಯರ ಬಳಿ ನಮ್ಮ ರೆಕಾರ್ಡ್ ಇದೆ," ಎಂದರು ಇಂಗ್ಲಿಷಿನಲ್ಲಿ. "ಆ ದಿನವೂ ಒಬ್ಬ ಹೀಗೇ ಕೂಗಿದ್ದ. ನಮ್ಮ ನಾಯಕ ಸಾಯುವವರೆಗೆ ಅವನನ್ನು ಬೈಯುತ್ತಿದ್ದ. ಆ ಜಾಗ ಖಾಲಿ ಇರಬೇಕಿತ್ತು."

ಹಾಲ್ ಗೊಳ್ಳೆಂದು ನಕ್ಕಿತು. ಮುದುಕರ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ, ಅವರೂ ನಕ್ಕರು. ಆ ಸಂಗೀತದಲ್ಲಿ ಕೂಗುವುದು ತಪ್ಪಲ್ಲ, ಎಲ್ಲ ಕಡೆ ಕೂಗುತ್ತಾರೆ. ಆ ಒಂದು ಜಾಗ ಬಿಟ್ಟು. ನಾನು ತಲೆ ತಗ್ಗಿಸಿ ಅವರ ಮಾತನ್ನು ಪದ ಬಿಡದೆ ಬರೆದುಕೊಂಡೆ. ಹಿಂದಕ್ಕೆ ತಿರುಗಿ ನೋಡಲಿಲ್ಲ.

ವರದಿ ಆ ಮಾತಿನಿಂದಲೇ ಶುರುವಾಯಿತು. ಹಾಗೆ ಶುರು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅದಕ್ಕಿಂತ ಒಳ್ಳೆಯ ಆರಂಭ ಇರಲಿಲ್ಲ, ಅಷ್ಟೆ. "ಸಭಿಕರೊಬ್ಬರು" ಎಂದು ಬರೆದೆ, ಹೆಸರಿಲ್ಲ. ಆದರೆ ಆ ಸಭಿಕ ಯಾರೆಂದು ಮಾಹೂಝ್‌ಗೂ ಗುದೈಬಿಯಾಕ್ಕೂ ಗೊತ್ತಿತ್ತು. ಚರ್ಚಿನ ಅಂಗಳದಲ್ಲಿ ಎರಡು ವಾರ ಅದೇ ತಮಾಷೆ: ಪೊರ್ಬುಗಳು ಬಂದರೆ ಯಾರಾದರೊಬ್ಬರು "ಹೋಯ್" ಎನ್ನುವುದು.

ವರದಿ ಅಚ್ಚಾದ ದಿನ ಬೆಳಿಗ್ಗೆಯೇ ಗೆಳೆಯನ ಫೋನ್ ಬಂದಿತ್ತು.

"ಬೇರೆ ಎಂತದೂ ಸಿಗ್ಲಿಲ್ವಾ ನಿಂಗೆ ಬರೀಲಿಕ್ಕೆ?"

"ನಡೆದದ್ದನ್ನೇ ಬರೆದದ್ದು. ಸುಳ್ಳು ಉಂಟಾ ಅದ್ರಲ್ಲಿ?"

"ಸುಳ್ಳಿಲ್ಲ ಮಾರಾಯ. ಅದೇ ನಾನು ಹೇಳುದು." ಫೋನ್ ಇಟ್ಟ.

ಅವರು ಹೊರಡುವ ಮೊದಲಿನ ಶುಕ್ರವಾರ ನಾನು ಹೋದೆ. ಸಾಮಾನೆಲ್ಲ ಪೆಟ್ಟಿಗೆ ಸೇರಿತ್ತು, ರೆಕಾರ್ಡ್ ಪ್ಲೇಯರ್ ಒಂದು ಬಿಟ್ಟು. ಪೊರ್ಬುಗಳು ಎಂದಿನಂತೆ ಬಾಗಿಲು ತೆರೆದು, ಎಂದಿನ ಕುರ್ಚಿ ತೋರಿಸಿದರು. ರೆಕಾರ್ಡ್ ಹಾಕಿದರು. ಎಸಿ ಆರಿಸಲಿಲ್ಲ.

ಗೆಳೆಯ ನನ್ನ ಮುಖ ನೋಡಿ, ಅವರ ಮುಖ ನೋಡಿದ. "ಪೊರ್ಬುಲೆ, ಎಸಿ?"

"ಇರ್ಲಿ ಸಾವ್ಕಾರ್ರೆ. ಇಷ್ಟು ವರ್ಷ ಬೇಯಿಸಿದ್ದು ಸಾಕು ನಿಮ್ಮನ್ನು."

ಸಿಂಬಲ್ ಕೇಳಿಸಲಿಲ್ಲ. ಟ್ರಂಪೆಟ್ ಮುಗಿದಾಗ ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ ತಟ್ಟಿದ್ದರಿಂದ ಬೇಗ ನಿಲ್ಲಿಸಿದೆ. ಕೊನೆಯ ಹಾಡಿನಲ್ಲಿ ಡ್ರಮ್ ನಿಂತಿತು. ಎಸಿ ಗುರುಗುಟ್ಟಿತು. ರೆಕಾರ್ಡಿನವನು ಒಬ್ಬನೇ ಕೂಗಿದ. ಪೊರ್ಬುಗಳು ತಮ್ಮ ಅಂಗೈ ನೋಡುತ್ತಾ ಕೂತಿದ್ದರು. ಅಡುಗೆಮನೆಯಿಂದ ಮಾತು ಬರಲಿಲ್ಲ.

ಊಟವಾಗಿ ನಾನು ಹೊರಟಾಗ ಪೊರ್ಬುಗಳು ಲಿಫ್ಟಿನ ತನಕ ಬಂದರು.

"ಪೊರ್ಬುಲೆ, ಆ ವರದಿ..." ಎಂದೆ.

"ಚೆಂದ ಬರ್ದಿದ್ದಿ. ಓದಿದೆ." ಲಿಫ್ಟಿನ ಗುಂಡಿ ಅವರೇ ಒತ್ತಿದರು. "ಆವತ್ತು ನೀನು ಒಮ್ಮೆಯೂ ಕೈ ತಟ್ಟಲಿಲ್ಲ. ನಾನು ಹಿಂದಿನಿಂದ ನೋಡ್ತಾ ಇದ್ದೆ."

"ಕೆಲ್ಸದಲ್ಲಿದ್ದೆ," ಎಂದೆ.

"ಹೌದು," ಎಂದರು ಪೊರ್ಬುಗಳು, ಹೊಸ ಕೆಲಸಗಾರನನ್ನು ಮೆಚ್ಚುವ ಮೇಲ್ವಿಚಾರಕರ ದನಿಯಲ್ಲಿ. "ಡ್ಯೂಟಿಯಲ್ಲಿ ತಟ್ಟಬಾರ್ದು."