ಮೂರನೇ ನಂಬರಿನ ಬಂದೂಕು

ಲೈಸೆನ್ಸಿನ ಅರ್ಜಿಯಲ್ಲಿ ಎರಡನೇ ನಂಬರಿನ ಬಂದೂಕಿನ ಸೀರಿಯಲ್ ನಂಬರನ್ನು ನಾನು ಪೆನ್ನಿನಿಂದಲೇ ಬರೆದಿದ್ದೆ. ಪೆನ್ಸಿಲ್ ಮೇಜಿನ ಮೇಲೇ ಇತ್ತು, ಬೇಕೆನ್ನಿಸಲಿಲ್ಲ. ಮೂರು ಬಂದೂಕುಗಳ ಹಿಡಿಯನ್ನು ತಲಾ ಐವತ್ತು ಸಲ ಎಳೆದು, ಎಳೆತದ ಭಾರ ತೂಗಿ, ಪಟ್ಟಿ ಮಾಡಿ ಆರಿಸಿದ್ದು ಅದು. ತಪ್ಪಾಗುವ ಪ್ರಶ್ನೆಯೇ ಇರಲಿಲ್ಲ.

ಅದು ಕೋವಿಡ್‌ನ ಮೊದಲ ಬೇಸಿಗೆ. ನಾನು ಲೀಕ್ಸ್‌ಲಿಪ್ ಎಂಬ ಐರಿಶ್ ಊರಿನಲ್ಲಿ ಚಿಪ್ ಕಾರ್ಖಾನೆಯ ಕ್ಲೀನ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೆ. ಊರೆಲ್ಲ ಮುಚ್ಚಿದ್ದರೂ ನಮ್ಮ ಶಿಫ್ಟು ನಿಲ್ಲಲಿಲ್ಲ. ಮನೆಯಲ್ಲಿ ನನ್ನ ಜೊತೆಗಿದ್ದವರು ನನ್ನ ಖಾಲಾನ, ಅಂದರೆ ದೊಡ್ಡಮ್ಮನ, ಮಗಳು. ನನಗಿಂತ ಒಂಬತ್ತು ವರ್ಷ ದೊಡ್ಡವರು, ಟಾಲಾದ ಆಸ್ಪತ್ರೆಯಲ್ಲಿ ಡಾಕ್ಟರು. ಅವರನ್ನು ನಾನು ಅಪಾ ಎನ್ನುತ್ತೇನೆ. ಕೋವಿಡ್ ವಾರ್ಡಿಗೆ ಹಾಕಿದ ದಿನದಿಂದ ಅಪಾ ಮಹಡಿಯನ್ನು ತಾವು ಇಟ್ಟುಕೊಂಡು ಕೆಳಗಿನ ಮನೆಯನ್ನು ನನಗೆ ಬಿಟ್ಟರು. ಊಟದ ತಟ್ಟೆಯನ್ನು ನಾನು ನಾಲ್ಕನೇ ಮೆಟ್ಟಿಲ ಮೇಲೆ ಇಟ್ಟು ಕೆಳಗಿಳಿಯುತ್ತಿದ್ದೆ, ಅವರು ಬಂದು ಒಯ್ಯುತ್ತಿದ್ದರು. ಮಾತೆಲ್ಲ ಮೆಟ್ಟಿಲ ಎರಡು ತುದಿಗಳಿಂದ.

ಜೂನ್ ಕೊನೆಯಲ್ಲಿ ನಿರ್ಬಂಧ ಸಡಿಲವಾದಾಗ ನನ್ನ ಶಿಫ್ಟಿನವನೊಬ್ಬ ತನ್ನ ಶೂಟಿಂಗ್ ಕ್ಲಬ್ಬಿನ ಮೈದಾನಕ್ಕೆ ಕರೆದುಕೊಂಡು ಹೋದ. ಯಂತ್ರವೊಂದು ಅಂಗೈಯಗಲದ ಮಣ್ಣಿನ ತಟ್ಟೆಗಳನ್ನು ಆಕಾಶಕ್ಕೆ ಎಸೆಯುತ್ತದೆ, ಅವನ್ನು ಹಾರುವಾಗಲೇ ಒಡೆಯಬೇಕು. ಮೊದಲ ದಿನ ಇಪ್ಪತ್ತೈದಕ್ಕೆ ನಾಲ್ಕು ಒಡೆದೆ. ನಾಲ್ಕನೆಯದು ಕರಿ ಪುಡಿಯಾಗಿ ಗಾಳಿಯಲ್ಲಿ ಚದುರಿದಾಗ ಮೂರು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕೆ. ಮಾಸ್ಕಿಲ್ಲ, ಗೋಡೆಯಿಲ್ಲ, ಪಕ್ಕದವರು ಹತ್ತು ಹೆಜ್ಜೆ ದೂರ. ಮನೆಗೆ ಬರುವಷ್ಟರಲ್ಲಿ ನನ್ನದೇ ಬಂದೂಕು ಕೊಳ್ಳುವುದೆಂದು ತೀರ್ಮಾನಿಸಿಯಾಗಿತ್ತು.

"ಏನಂದೆ? ಬಂದೂಕಾ?" ಮೇಲಿನಿಂದ ಅಪಾ.

"ಹೌದು ಅಪಾ. ತಟ್ಟೆ ಒಡೆಯೋಕೆ."

"ಅದಕ್ಕೆ ಬಂದೂಕು ಯಾಕೆ ಬೇಕೇ ನಿಂಗೆ? ಸಿಂಕ್ ಹತ್ರ ಬರೀ ಕೈಯಲ್ಲೇ ಒಡೀತೀಯಲ್ಲ!"

ಅಡ್ಡಿ ಮಾಡಲಿಲ್ಲ. ಬಂದೂಕಿಡುವ ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೆ ಬಿಗಿಯಲು ಮನೆ ಮಾಲೀಕರ ಒಪ್ಪಿಗೆಯನ್ನು ಅವರೇ ಕೇಳಿ ಪಡೆದರು.

ನನಗೆ ಬೇಕಾಗಿದ್ದದ್ದು ಪಂಪ್ ಬಂದೂಕು. ನಳಿಗೆಯ ಕೆಳಗೆ ಮರದ ಹಿಡಿಯೊಂದಿರುತ್ತದೆ. ಗುಂಡು ಹಾರಿದ ಮೇಲೆ ಅದನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಬೀಳುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಕೂರುತ್ತದೆ. ಕ್ಲಬ್ಬಿನಲ್ಲಿ ಹೆಚ್ಚಿನವರ ಹತ್ತಿರ ಇದ್ದದ್ದು ಜೋಡಿ ನಳಿಗೆಯ, ನಡುವೆ ಮಡಚಿ ತೋಟಾ ತುಂಬುವ ಬಂದೂಕು. ಅದನ್ನೂ ಹಿಡಿದು ನೋಡಿದ್ದೆ. ನಾನು ಎಡಗೈಯವಳು, ಅದರ ಹಿಂಬದಿಯ ಮರ ಬಲಗೈಯವರಿಗೆಂದು ಬಾಗಿಸಿದ್ದು, ಎರಡು ದಿನ ಕೆನ್ನೆ ಊದಿತ್ತು. ಪಂಪ್ ನನ್ನ ಕೈಗೆ ಮೊದಲ ಸಲವೇ ಒಗ್ಗಿತು.

ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಪೋಸ್ಟ್‌ಮನ್. ಎಪ್ಪತ್ತರ ಹತ್ತಿರ, ಉದ್ದ ಕಾಲು, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದವರು. ಅವರಿಗೆ ಪಂಪ್ ಕಂಡರಾಗದು.

"ಪಂಪಿನವರು ಗುರಿ ಹಿಡಿಯೋ ಜಾಗದಲ್ಲಿ ನಿಂತ್ಕೊಂಡು ಎಳೀತಾ ಇರ್ತಾರೆ, ಮಿಕ್ಕವ್ರು ಚಹಾ ಕುಡಿದು ಬರ್ಬಹುದು," ಎಂದರು. "ಸಿಕ್ಕಿಹಾಕ್ಕೊಂಡ ಬಂದೂಕು ನಂಗೆ ಬೇಡ. ಅದು ಅಪಾಯ."

"ನಂದು ಸಿಕ್ಕಿಹಾಕ್ಕೊಳ್ಳಲ್ಲ," ಎಂದೆ.

"ಹೌದಾ? ಹಾಗಾದ್ರೆ ತೋರ್ಸು. ಹತ್ತು ಜೋಡಿ ತಟ್ಟೆ ಬಿಡ್ತೀನಿ. ಹೊಡೀತೀಯೋ ಬಿಡ್ತೀಯೋ ನಿನ್ನಿಷ್ಟ. ಆದ್ರೆ ಹತ್ತಕ್ಕೆ ಹತ್ತೂ ಸಲ, ಎರಡನೇ ತಟ್ಟೆ ಗಾಳಿಯಲ್ಲಿರೋವಾಗ್ಲೇ ಎರಡನೇ ಗುಂಡು ಹೋಗ್ಬೇಕು. ಹೋದ್ರೆ ಸದಸ್ಯತ್ವದ ಪತ್ರ. ಇಲ್ಲಾಂದ್ರೆ ಮುಂದಿನ ವರ್ಷ ಬಾ."

ಆ ಪತ್ರವಿಲ್ಲದೆ ನನ್ನ ಅರ್ಜಿಯನ್ನು ಗಾರ್ಡಾ, ಅಂದರೆ ಇಲ್ಲಿನ ಪೊಲೀಸ್, ಠಾಣೆಯಲ್ಲಿ ಮುಟ್ಟುವುದೂ ಇಲ್ಲ. ಬಂದೂಕು ಎಲ್ಲಿ ಹಾರಿಸುತ್ತೀಯ ಎಂಬುದಕ್ಕೆ ಉತ್ತರ ಬೇಕು, ನನಗೆ ಹೊಲವೂ ಇಲ್ಲ, ಹೊಲವಿದ್ದ ಗೆಳೆಯರೂ ಇಲ್ಲ. ಮೈದಾನದಲ್ಲಿ ಜನರ ಮಿತಿ ಇದ್ದುದರಿಂದ ಆ ವರ್ಷ ಹೊಸಬರಿಗೆ ಉಳಿದಿದ್ದ ಜಾಗ ಒಂದೇ. ಮೇಲಾಗಿ ಇಲ್ಲಿ ಲೈಸೆನ್ಸು ಒಂದೊಂದು ಬಂದೂಕಿಗೂ ಬೇರೆ. ತಪ್ಪು ಬಂದೂಕು ಆರಿಸಿದರೆ ಎಲ್ಲ ಮತ್ತೆ ಮೊದಲಿನಿಂದ. ಆದ್ದರಿಂದ ಆಯ್ಕೆಯನ್ನು ಕೆಲಸದ ಹಾಗೆ ಮಾಡಿದೆ.

ಜುಲೈ ಎರಡನೇ ಶನಿವಾರ ಮೇನೂತ್‌ನಿಂದಾಚೆ ಇದ್ದ ಬಂದೂಕಿನಂಗಡಿಗೆ ಹೋದೆ. ಅಪಾಯಿಂಟ್‌ಮೆಂಟ್ ಒಂದು ಗಂಟೆ, ಒಳಗೆ ಒಬ್ಬರೇ ಗಿರಾಕಿ. ಅಂಗಡಿಯಾಕೆ ಐವತ್ತು ದಾಟಿದವರು, ಅಪ್ಪನಿಂದ ಅಂಗಡಿಯನ್ನೂ ಸಣ್ಣ ಸ್ಕ್ರೂಡ್ರೈವರುಗಳ ಒಂದು ಡಬ್ಬಿಯನ್ನೂ ಪಡೆದವರು. ಬಾಗಿಲಲ್ಲೇ ಕೈಗವಸು ಕೊಟ್ಟರು. ಮೂರು ಪಂಪ್ ಬಂದೂಕುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರು. ನಾನು ಅವಕ್ಕೆ ನಂಬರು ಕೊಟ್ಟೆ. ಒಂದು ಮತ್ತು ಎರಡು ಹೊಸವು. ಮೂರನೆಯದು ಯಾವುದೋ ರೈತನ ಹತ್ತಿರ ಬಹಳ ವರ್ಷ ಇದ್ದದ್ದು. ಹಿಡಿಯ ಮರದಲ್ಲಿ ಕೈಯ ಕುರುಹು ಬಿದ್ದಿತ್ತು, ಅಲ್ಲಾಡಿಸಿದರೆ ಗಲಗಲ ಸದ್ದು.

ಮದ್ದಿಲ್ಲದ ಅಭ್ಯಾಸದ ತೋಟಾ ಹಾಕಿ ಒಂದೊಂದನ್ನೂ ಐವತ್ತು ಸಲ ಎಳೆದೆ. ಒಂದನೆಯದು ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತಿತ್ತು, ಎಡಭುಜಕ್ಕೆ ಇಟ್ಟರೆ ಅದು ನನ್ನ ಮೂಗಿನ ಮುಂದಿನಿಂದಲೇ ಹೋಗುತ್ತಿತ್ತು. ಅದನ್ನು ಬಿಟ್ಟೆ. ಉಳಿದೆರಡೂ ಕೆಳಗೆ, ಕಾಲಬುಡಕ್ಕೆ ಉದುರಿಸುವಂಥವು. ಆಮೇಲೆ ಬ್ಯಾಗಿನಿಂದ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತೆಗೆದೆ. ವಿಮಾನಗಳೇ ಇಲ್ಲದ ಆ ವರ್ಷ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಕೊಕ್ಕೆಯನ್ನು ಹಿಡಿಗೆ ಸಿಕ್ಕಿಸಿ, ಅದು ಅಲುಗಲು ಎಷ್ಟು ಭಾರ ಬೇಕೆಂದು ಹತ್ತತ್ತು ಸಲ ಅಳೆದೆ.

"ಇಷ್ಟು ವರ್ಷದಲ್ಲಿ ಬಂದೂಕನ್ನ ಮೀನಿನ ಥರ ತೂಗಿದವ್ರನ್ನ ನೋಡಿರ್ಲಿಲ್ಲ," ಎಂದರು ಅಂಗಡಿಯಾಕೆ.

ಎರಡನೆಯದೇ ಗೆದ್ದಿತು. ಅಲುಗಲು ಮೂರನೆಯದಕ್ಕಿಂತ ಕಡಿಮೆ ಬಲ ಸಾಕು, ಐವತ್ತರಲ್ಲಿ ಒಂದು ಸಲವೂ ತಡೆಯಲಿಲ್ಲ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ಮೂರನೆಯದು ಎರಡು ಸಲ ತಡವರಿಸಿತು. ಮುಂದಿನ ಶನಿವಾರ ಮೈದಾನದಲ್ಲಿ ನಿಜವಾದ ತೋಟಾ ಹಾಕಿ ನೋಡೋಣ, ಎರಡನ್ನೂ ತರುತ್ತೇನೆ ಎಂದರು ಆಕೆ. ಅದು ಬರೀ ಔಪಚಾರಿಕ ಎಂದುಕೊಂಡು ಮನೆಗೆ ಬಂದು ಅರ್ಜಿ ತುಂಬಿದೆ.

ಮುಂದಿನ ಶನಿವಾರ ಎರಡನೇ ನಂಬರಿನಿಂದ ಹತ್ತು ಜೋಡಿ ತಟ್ಟೆಗಳಿಗೆ ಹಾರಿಸಿದೆ. ನಾಲ್ಕು ಸಲ ಎರಡನೇ ಗುಂಡು ಹೋಗಲೇ ಇಲ್ಲ. ಹಿಡಿ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು, ಖಾಲಿ ತೋಟಾ ಒಳಗೇ ಉಳಿಯುತ್ತಿತ್ತು. ಮೂರನೆಯದರಲ್ಲಿ ಹತ್ತು ಜೋಡಿ, ಒಂದೇ ಸಲ ಹಾಗಾಯಿತು. ಮೈದಾನದ ಆ ತುದಿಯಲ್ಲಿದ್ದ ಕಾರ್ಯದರ್ಶಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು.

ನಾನು ಪಟ್ಟಿಯನ್ನು ಅಂಗಡಿಯಾಕೆಯ ಮುಂದೆ ಹಿಡಿದೆ. "ಲೆಕ್ಕ ಸರಿಯಾಗೇ ಇದೆ. ಬಂದೂಕಲ್ಲೇ ಏನೋ ದೋಷ."

"ಬಂದೂಕು ಚೆನ್ನಾಗೇ ಇದೆ," ಎಂದರು. "ನೀನು ಅಳೆದಿದ್ದು ಅಭ್ಯಾಸದ ತೋಟಾ. ನಿಜವಾದ್ದು ಹಾರಿದ ಮೇಲೆ ಊದಿಕೊಂಡು ನಳಿಗೆಯನ್ನ ಕಚ್ಚಿಕೊಳ್ಳುತ್ತೆ. ಹೊಸ ನಳಿಗೆ ಬಿಗಿ, ಇನ್ನೂ ಜೋರಾಗಿ ಕಚ್ಚುತ್ತೆ. ಹಳೇದು ಸವೆದು ನುಣುಪಾಗಿದೆ, ಬಿಟ್ಟುಬಿಡುತ್ತೆ. ಆದ್ರೆ ಅರ್ಧ ತಪ್ಪು ನಿನ್ನ ಕೈಯದು. ನೀನು ಎಲ್ಲಿ ಕೆಲ್ಸ ಮಾಡೋದು?"

ಹೇಳಿದೆ.

"ಅಲ್ಲಿ ನಿಮಗೆ ನಿಧಾನವಾಗಿ ನಡೀರಿ ಅಂತ ಹೇಳ್ತಾರಲ್ವಾ?"

ಹೇಳುತ್ತಾರೆ. ಕ್ಲೀನ್ ರೂಮಿನ ಮೊದಲ ಪಾಠವೇ ಅದು. ಕೈ ಬೀಸಬೇಡ, ಬೇಗ ತಿರುಗಬೇಡ, ಯಾವುದನ್ನೂ ಎಳೆಯಬೇಡ, ಧೂಳಿನ ಕಣ ಏಳುತ್ತದೆ. ಮೂರು ವರ್ಷದಿಂದ ನಾನು ಬಾಗಿಲನ್ನೂ ಹಾಗೇ ತೆಗೆಯುತ್ತಿದ್ದೆ, ಚಹಾದ ಕಪ್ಪನ್ನೂ ಹಾಗೇ ಎತ್ತುತ್ತಿದ್ದೆ. ಆ ನೂರೈವತ್ತು ಎಳೆತಗಳೂ ಕ್ಲೀನ್ ರೂಮಿನ ಎಳೆತಗಳೇ ಆಗಿದ್ದವು. ಬಂದೂಕು ನುಣುಪಾಗಿದೆಯೇ ಎಂದು ನೋಡಿದ್ದೆ. ವೇಗವಾಗಿ ಎಳೆದಾಗಲೂ ನುಣುಪಾಗಿದೆಯೇ ಎಂದು ಒಂದು ಸಲವೂ ನೋಡಿರಲಿಲ್ಲ.

"ಒಳಗೆ ಯಾರೋ ಮಲಗಿದ್ದಾರೆ ಅನ್ನೋ ಹಾಗೆ ಎಳೀಬೇಡ," ಎಂದರು ಅಂಗಡಿಯಾಕೆ. " ಹೊಡೆದ ತಕ್ಷಣ ಕಿತ್ತುಕೊಳ್ಳೋ ಹಾಗೆ ಎಳಿ. ಮುರಿಯಲ್ಲ."

ಮತ್ತೆ ಹತ್ತು ಹತ್ತು ಜೋಡಿ. ಕಿತ್ತುಕೊಳ್ಳುವ ಹಾಗೆ ಎಳೆದಾಗ ಎರಡನೆಯದು ಎರಡು ಸಲ ಸಿಕ್ಕಿಕೊಂಡಿತು, ಮೂರನೆಯದು ಒಂದು ಸಲವೂ ಇಲ್ಲ. ಸಣ್ಣ ಲೆಕ್ಕವೆಂಬುದು ಗೊತ್ತು. ಆದರೆ ಕೈಗೆ ತಿಳಿದದ್ದು ಅದಕ್ಕಿಂತ ಸ್ಪಷ್ಟವಾಗಿತ್ತು. ನಿಧಾನದಲ್ಲಿ ಗಲಗಲ ಎನ್ನುತ್ತಿದ್ದ ಆ ಹಳೆಯ ಬಂದೂಕು ವೇಗದಲ್ಲಿ ಸದ್ದಡಗಿಸಿಕೊಂಡು ಒಂದೇ ಗೆರೆಯಲ್ಲಿ ಹಿಂದೆ ಬಂದು ಮುಂದೆ ಹೋಗುತ್ತಿತ್ತು. ಮೂರನೆಯದನ್ನು ನನಗಾಗಿ ತೆಗೆದಿಡಿ ಎಂದೆ. ಠಾಣೆಗೆ ಹೋಗಿ ಹೊಸ ನಮೂನೆ ತಂದೆ.

"ಪೆನ್ನಲ್ಲಿ ಬರ್ದಿದ್ಯಾ? ನೀನಾ?" ಅಪಾ ಮಹಡಿ ಮೇಲೆ ನಕ್ಕ ಸದ್ದು ಅಡುಗೆಮನೆಯವರೆಗೂ ಬಂತು.

ಆಗಸ್ಟಿನಲ್ಲಿ ನಮ್ಮ ಕಿಲ್ಡೇರ್ ಕೌಂಟಿಯನ್ನು ಮತ್ತೆ ಮುಚ್ಚಿದರು. ಮೈದಾನಕ್ಕೆ ಬೀಗ. ಲೈಸೆನ್ಸಿಲ್ಲದೆ ಬಂದೂಕು ಮನೆಗೆ ತರುವಂತಿಲ್ಲ. ಕೈಯ ಅಭ್ಯಾಸ ಮಾತ್ರ ಬದಲಾಗಬೇಕಿತ್ತು, ಅದಕ್ಕೆ ಬಂದೂಕೇ ಬೇಕೆಂದಿರಲಿಲ್ಲ. ಕಸಪೊರಕೆಯ ಕೋಲಿಗೆ ಒಂದು ಗೇಣು ಪ್ಲಾಸ್ಟಿಕ್ ಪೈಪು ತೂರಿಸಿ, ಹಿಂದೆ ಮುಂದೆ ಟೇಪು ಸುತ್ತಿ ತಡೆ ಮಾಡಿದೆ. ಅದನ್ನೇ ಭುಜಕ್ಕಿಟ್ಟು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದೆ. ಅಪಾ ಮೇಲಿನ ಮೆಟ್ಟಿಲಲ್ಲಿ ಕೂತು, ಮನಸ್ಸು ಬಂದಾಗ "ಹಾಂ!" ಎನ್ನುತ್ತಿದ್ದರು. ನಾನು ಪೈಪನ್ನು ಎಳೆದು ತಳ್ಳಬೇಕು.

"ಸ್ಲೋ. ನಮ್ಮ ಅಮ್ಮಿ ಮೊಸರು ಕಡೀತಿದ್ದಿದ್ದೂ ಇದಕ್ಕಿಂತ ಫಾಸ್ಟ್ ಇತ್ತು."

"ಅಪಾ, ನೀವು ಸುಮ್ನೆ ಎಣಿಸ್ರಿ."

"ಎಣಿಸ್ತಾ ಐತೆ ಈ ಡಾಕ್ಟ್ರಮ್ಮ. ಇಪ್ಪತ್ತೆರಡು. ಹಾಂ!"

ವಾರ್ಡಿನಲ್ಲಿ ಆ ದಿನ ಏನಾಯಿತೆಂದು ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಕೆಲವು ಸಂಜೆ ಬೇಕೆಂದೇ "ಹಾಂ" ಎನ್ನದೆ ಕಾಯಿಸಿ, ನಾನು ಕೋಲು ಇಳಿಸಿದ ಕ್ಷಣದಲ್ಲೇ ಕೂಗುತ್ತಿದ್ದರು. ಹದಿನೇಳು ಸಂಜೆ, ಸಂಜೆಗೆ ಅರವತ್ತು ಎಳೆತ, ಒಟ್ಟು ಸಾವಿರದ ಇಪ್ಪತ್ತು. ಹತ್ತನೇ ಸಂಜೆಯ ಹೊತ್ತಿಗೆ ಪೈಪು ಹಿಂದೊಮ್ಮೆ ಮುಂದೊಮ್ಮೆ ತಡೆಗೆ ಬಡಿಯುವ ಸದ್ದು ಎರಡಾಗಿ ಕೇಳುವುದು ನಿಂತು ಒಂದೇ ಆಗಿ ಕೇಳತೊಡಗಿತು. ಕಾರ್ಖಾನೆಯಲ್ಲಿ ಒಂದು ಡ್ರಾಯರನ್ನು ಜೋರಾಗಿ ಎಳೆದು ಸೂಪರ್‌ವೈಸರ್ ಕೈಲಿ ಬೈಸಿಕೊಂಡೆ. ಖುಷಿಯೇ ಆಯಿತು.

ಸೆಪ್ಟೆಂಬರ್ ಮೊದಲ ಶನಿವಾರ ಪರೀಕ್ಷೆ. ಅಂಗಡಿಯಾಕೆ ಮೂರನೆಯ ಬಂದೂಕು ತಂದಿದ್ದರು. ಕಾರ್ಯದರ್ಶಿ ಯಂತ್ರದ ಗುಂಡಿ ಹಿಡಿದು ನನ್ನ ಹಿಂದೆ ನಿಂತರು. ಸರದಿಗಾಗಿ ಕಾಯುತ್ತಿದ್ದ ನಾಲ್ಕೈದು ಜನ ಬೇಲಿಯ ಹತ್ತಿರ. ಎರಡು ತೋಟಾ ತುಂಬಿ, ತಟ್ಟೆ ಬಿಡುವ ಸೂಚನೆಯಾಗಿ "ಪುಲ್" ಎಂದೆ. ಮೊದಲ ತಟ್ಟೆ ತಪ್ಪಿತು, ಎರಡನೆಯದು ಪುಡಿಯಾಯಿತು. ಖಾಲಿ ತೋಟಾಗಳು ಬೂಟಿನ ಮೇಲೆ ಬಿದ್ದವು. ಆರು ಜೋಡಿ ಹಾಗೇ ಹೋದವು. ಒಮ್ಮೊಮ್ಮೆ ತಟ್ಟೆ ತಪ್ಪುತ್ತಿತ್ತು, ಕೈ ತಪ್ಪಲಿಲ್ಲ.

ಏಳನೆಯದರಲ್ಲಿ ಮೊದಲ ತಟ್ಟೆ ಒಡೆದೆ, ಎಳೆದೆ, ತಳ್ಳಿದೆ, ನಳಿಗೆಯನ್ನು ಎರಡನೆಯದರ ಕಡೆ ತಿರುಗಿಸಿದೆ. ಅದು ಯಂತ್ರದಿಂದಲೇ ಚೂರಾಗಿ ಬಂದಿತ್ತು, ಎರಡು ತುಂಡುಗಳು ಬೇರೆ ಬೇರೆ ದಿಕ್ಕಿಗೆ. ನಾನು ಹಾರಿಸಲಿಲ್ಲ.

"ಸಿಕ್ಕಿಕೊಳ್ತು ನೋಡು," ಎಂದಿತು ಬೇಲಿಯ ಕಡೆಯಿಂದ ಒಂದು ಧ್ವನಿ. "ಪಂಪ್ ಹಣೆಬರಹವೇ ಇಷ್ಟು."

ಕಾರ್ಯದರ್ಶಿಗೆ ಬಿಸಿಲು ಎದುರಿತ್ತು. ಚೂರನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. "ಯಾಕೆ ನಿಂತೆ?" ಎಂದರು.

ನಾನು ತಿರುಗಲಿಲ್ಲ. ನಳಿಗೆಯನ್ನು ಬಯಲಿನ ಕಡೆಗೇ ಹಿಡಿದು, ಸೇಫ್ಟಿ ಹಾಕಿ, ಹಿಡಿಯನ್ನು ಒಮ್ಮೆ ಹಿಂದಕ್ಕೆ ಎಳೆದೆ. ತುಂಬಿದ ತೋಟಾವೊಂದು ಹುಲ್ಲಿನ ಮೇಲೆ ಬಿತ್ತು.

"ಕೆಳಗೆ ನೋಡಿ," ಎಂದೆ. "ಖಾಲಿ ಹೊರಗೆ ಬಿದ್ದಿದೆ. ಎರಡನೇದು ಒಳಗೆ ಕೂತಿತ್ತು. ತಟ್ಟೆ ಒಡೆದು ಬಂತು, ಅದಕ್ಕೇ ಹಾರಿಸ್ಲಿಲ್ಲ."

ಬಂದೂಕು ಖಾಲಿಯಾಗಿದೆಯೆಂದು ಮೊದಲು ನೋಡಿಕೊಂಡು ಅವರು ಬಗ್ಗಿ ತೋಟಾವನ್ನು ಎತ್ತಿಕೊಂಡರು. ಅದರ ಹಿತ್ತಾಳೆಯ ಬುಡವನ್ನು ಬಿಸಿಲಿಗೆ ಹಿಡಿದು, ಕನ್ನಡಕ ಸರಿಸಿ ನೋಡಿದರು. ಪೆಟ್ಟಿನ ಗುರುತೇ ಇಲ್ಲ, ಅಂದರೆ ನಾನು ಕುದುರೆ ಒತ್ತಿಯೇ ಇರಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಬೇಲಿಯ ಕಡೆ ತಿರುಗಿದರು.

"ಸಿಕ್ಕಿಕೊಂಡಿಲ್ಲ. ತಟ್ಟೆ ಕೆಟ್ಟಿತ್ತು. ಗೊತ್ತಿಲ್ದೇ ಬಾಯಿ ಹಾಕ್ಬೇಡ." ನನಗೆ ಹೇಳಿದರು: "ಏಳನೇದು ಇನ್ನೊಂದ್ಸಲ."

ಏಳು, ಎಂಟು, ಒಂಬತ್ತು, ಹತ್ತು. ಹತ್ತನೆಯದರ ಎರಡನೇ ತಟ್ಟೆ ಗಾಳಿಗೆ ಕೆಳಗೆ ಜಾರುತ್ತಿತ್ತು. ನೆಲ ಮುಟ್ಟಲು ಮೊಳವಿದ್ದಾಗ ಒಡೆಯಿತು.

"ಇಪ್ಪತ್ತಕ್ಕೆ ಹನ್ನೊಂದು," ಎಂದರು ಕಾರ್ಯದರ್ಶಿ. "ನಾಚಿಕೆಗೇಡು."

"ಹತ್ತಕ್ಕೆ ಹತ್ತು," ಎಂದೆ.

"ಅದೂ ಹೌದು." ಜೇಬಿನಿಂದ ಮಡಿಸಿದ ಪತ್ರ ತೆಗೆದರು. ಬಂದೂಕಿನ ವಿವರದ ಜಾಗ ಬಿಟ್ಟು ಮಿಕ್ಕೆಲ್ಲ ಮೊದಲೇ ತುಂಬಿತ್ತು. ಕಾರಿನ ಬಾನೆಟ್ ಮೇಲೆ ಇಟ್ಟು ಪೆನ್ನು ಕೊಟ್ಟರು. ನಾನು ಬಂದೂಕನ್ನು ಮಗುಚಿ ಸೀರಿಯಲ್ ನಂಬರನ್ನು ಒಂದೊಂದೇ ಅಂಕಿ ಓದಿಕೊಂಡು ಬರೆದೆ. ಅವರು ಕೆಳಗೆ ಸಹಿ ಹಾಕಿ ತಾರೀಕು ಹಾಕಿದರು.

"ಸೋಮವಾರ ಠಾಣೆಗೆ ಕೊಡು," ಎಂದರು. "ಈಗ ಆಚೆ ಸರಿ. ಹಿಂದಿನವ್ರು ಕಾಯ್ತಿದ್ದಾರೆ."