ನಿನ್ನವ್ವನ ಎಡಗೈ

ಸುಮಾ, ನಿನ್ನವ್ವನ ಎಡಗೈ ಮುರಿದದ್ದು ನೀರಿನ ಟ್ಯಾಂಕರಿನ ನೂಕಾಟದಲ್ಲಿ ಅಲ್ಲ. ನಾನು ಮುರಿದೆ.

ಆ ಸುಳ್ಳನ್ನು ನೀನು ನಿನ್ನ ಮಕ್ಕಳಿಗೂ ಹೇಳುತ್ತೀ — ಅಜ್ಜಿ ನೀರಿಗಾಗಿ ಇಡೀ ಓಣಿಯ ಜೊತೆ ಗುದ್ದಾಡಿದಳು ಎಂದು, ನಗುತ್ತ. ಕಳೆದ ವಾರ ನೀನು ಹಾಗೆ ಹೇಳುವಾಗ ಅವಳು ಆ ಕೈಯನ್ನು ಸೆರಗಿನಡಿ ಸರಿಸಿಕೊಂಡಳು. ನೀನು ನೋಡಲಿಲ್ಲ. ನಾನು ನೋಡಿದೆ.

ನಾವು ಮೆಚ್ಚಿ ಮದುವೆಯಾದವರು. ಅವಳು ಔರಾದದ ಹುಡುಗಿ, ಭಾಲ್ಕಿಯಲ್ಲಿ ನೆಂಟರ ಮನೆಯಲ್ಲಿದ್ದಳು; ನಾನು ಅಲ್ಲಿನ ಶಾಲೆಯ ಡ್ರಿಲ್ ಮಾಸ್ತರ. ನನ್ನ ಸೀಟಿ ಕೇಳಿದರೆ ಬೀದಿಯಲ್ಲೇ ಕಾಲು ಜೋಡಿಸಿ ಸಲಾಮು ಹೊಡೆದು ನಗುತ್ತಿದ್ದಳು. ಆ ನಗುವಿಗೇ ಮರುಳಾದೆ. ಮನೆಗೆ ಬಂದ ಮೇಲೆ ಅದೇ ಅಶಿಸ್ತಾಗಿ ಕಂಡಿತು. ರೊಟ್ಟಿ ತಡವಾದರೆ ಏಟು. ಚಪ್ಪಲಿ ಸಾಲು ತಪ್ಪಿದರೆ —

ಮಳೆ ಕೈಕೊಟ್ಟ ಎರಡನೆಯ ವರ್ಷ. ಟ್ಯಾಂಕರಿನಿಂದ ದಿನಕ್ಕೆ ಐದು ಕೊಡ. ಸಾಲಾಗಿ ಇಡಿಸಿ, ಯಾವುದು ಯಾತಕ್ಕೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಎರಡು ಬರಿದಾಗಿದ್ದವು. ಕಬ್ಬು ಕಡಿಯಲು ಲಾರಿಯಲ್ಲಿ ಹೊರಟವರಿಗೆ ಕೊಟ್ಟಿದ್ದಳು.

"ನಮ್ಮೂರ ಮಂದಿರಿ, ಕೂಸುಗಳು ಅಳಾಕತ್ತಿದ್ವು. ಕೊಡ ಏನು ನಿಮ್ಮ ಸಾಲಿ ಹುಡುಗರೇನ್ರಿ, ಹಾಜರಿ ತಗೊಳ್ಳಾಕ?" ಎಂದು ನಕ್ಕಳು.

ಕವಾಯತಿನ ಬಿದಿರು ಕೋಲು ಬಾಗಿಲ ಹಿಂದಿತ್ತು. ಬೆನ್ನು, ತೋಳು, ಮತ್ತೆ ಬೆನ್ನು. ತಲೆಗೆ ಅಡ್ಡ ಹಿಡಿದ ಕೈ — ಎಲುಬು ಮುರಿದ ಸದ್ದು ಕೇಳಿಸಿತು. ಕೇಳಿಸಿದ ಮೇಲೂ ಹೊಡೆದೆ. ಬಳೆಚೂರು ಮುಂಗೈಯಲ್ಲಿ ನೆಟ್ಟು, ನೆತ್ತರು ಬರಿದಾದ ಕೊಡದ ಮೇಲೆ ಇಳಿಯಿತು. ತೊಟ್ಟಿಲಲ್ಲಿ ನೀನು ಚೀರುತ್ತಿದ್ದೆ.

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಅವಳನ್ನೇ ಕೇಳಿದರು. "ಟ್ಯಾಂಕರ್ ಹತ್ರ ನೂಕ್ಯಾಟದಾಗ ಬಿದ್ದೆರಿ" ಎಂದಳು — ದಾರಿಯಲ್ಲಿ ನಾನು ಹೇಳಿಕೊಟ್ಟಂತೆ, ಒಂದಕ್ಷರ ತಪ್ಪದೆ.

ಆಮೇಲೆ ನಾನು ಅವಳ ಮೇಲೆ ಕೈ ಎತ್ತಲಿಲ್ಲ. ಎತ್ತಬೇಕಾಗಲಿಲ್ಲ. ಕೊಡಗಳು ಸಾಲಾಗಿ ನಿಂತವು, ಅವಳೂ ನಿಂತಳು. "ಏನ್ರಿ" ಎಂದು ಕರೆಯುತ್ತಿದ್ದವಳು ಅಂದಿನಿಂದ ಶಾಲೆಯ ಹುಡುಗರಂತೆ "ಸರ" ಎಂದಳು. ಅದನ್ನು ನೀನು ಪ್ರೀತಿಯ ತಮಾಷೆ ಎಂದುಕೊಂಡೆ. ನಾನು ತಿದ್ದಲಿಲ್ಲ.

ನಿನಗೆ ಬರೆದ ಇಷ್ಟನ್ನೂ ನಿನ್ನೆ ಬೆಳಿಗ್ಗೆ ಅವಳಿಗೆ ಓದಿ ಹೇಳಿದೆ. ತೊಗರಿ ಹಸನು ಮಾಡುತ್ತ ಕೇಳಿದಳು. ಮೊರ ಕೆಳಗಿಟ್ಟು ಅಂದಳು: "ಒಂದು ಬಿಟ್ಟೀರಿ, ಸರ. ಹೊಡಿಯೋವಾಗ ನೀವು ಎಣಸ್ತಿದ್ರಿ. ಡ್ರಿಲ್ಲಿನ್ಯಾಗ ಎಣಿಸಿದಂಗ."

ಹೌದು, ಸುಮಾ. ಒಂದು, ಎರಡು, ಒಂದು, ಎರಡು — ಎಣಿಸುತ್ತಿದ್ದೆ.